ಚಂಪಕ್ಕ ಕೊಂಡ ಪುಟ್ಟ ಕಂಟ್ರೋಲರ್

ಒಂದು ಕಾಡಿನಲ್ಲಿ ಮದುವೆಯಾಗಲಿ, ನಾಮಕರಣವಾಗಲಿ, ಹಾಡು ಹಾಕುವ ಕೆಲಸ ಚಂಪಕ್ಕ ಎಂಬ ಕೆಂದಳಿಲಿನದು. ಅವಳ ಹತ್ತಿರ ಒಂದು ಟ್ಯಾಬ್ ಇತ್ತು, ಒಂದು ಸ್ಪೀಕರ್ ಇತ್ತು. ಒಂದು ಹಾಡಿನ ಬಾಲಕ್ಕೆ ಇನ್ನೊಂದು ಹಾಡಿನ ತಲೆ ಸೇರಿಸುವುದರಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ಆದರೆ ಟ್ಯಾಬಿನ ಗಾಜು ಬಲು ನುಣುಪು. ನೀರುನಾಯಿಗಳ ಮದುವೆಯಲ್ಲಿ ಅವಳ ಒದ್ದೆ ಬೆರಳು ಜಾರಿ, ಕುಣಿತದ ನಡುವೆಯೇ ಹಾಡು ಗಪ್ಪೆಂದು ನಿಂತುಬಿಟ್ಟಿತು. ಎತ್ತಿದ ಕಾಲನ್ನು ಎಲ್ಲಿಡಬೇಕೆಂದು ತಿಳಿಯದೆ ಮದುಮಗ ಹಾಗೇ ನಿಂತ. ಎಲ್ಲರೂ ಬಿದ್ದು ಬಿದ್ದು ನಕ್ಕರು. ಚಂಪಕ್ಕ ಎರಡು ದಿನ ಗೂಡಿನಿಂದ ಹೊರಗೆ ಬರಲಿಲ್ಲ.

ಮೂರನೆಯ ದಿನ ಮಂಗಟ್ಟೆ ಹಕ್ಕಿ ದಾಸಪ್ಪ ಅವಳನ್ನು ಹುಡುಕಿಕೊಂಡು ಬಂದ. ಅವನ ಹೆಂಡತಿ ಹೊನ್ನವ್ವ ಮಂಗಟ್ಟೆಗಳ ವಾಡಿಕೆಯಂತೆ ಮೊಟ್ಟೆಯಿಡಲೆಂದು ಮರದ ಪೊಟರೆ ಹೊಕ್ಕು, ಅದರ ಬಾಯಿಗೆ ಗೋಡೆ ಕಟ್ಟಿಕೊಂಡು ಒಳಗೆ ಕೂತು ಮೂರು ತಿಂಗಳಾಗಿತ್ತು.

"ಬರುವ ವಾರ ಅವಳು ಗೋಡೆ ಒಡೆದು ಹೊರಗೆ ಬರುತ್ತಾಳೆ, ಚಂಪಕ್ಕ. ನೀನೇ ಹಾಡು ಹಾಕಬೇಕಂತೆ. ಆದರೆ ನಡುವೆ ನಿಲ್ಲಬಾರದಂತೆ."

"ನಿಲ್ಲುವುದಿಲ್ಲ, ದಾಸಪ್ಪಣ್ಣ," ಎಂದು ಅವಳು ಮಾತು ಕೊಟ್ಟಳು.

ತನಗೆ ಏನು ಬೇಕೆಂದು ಅವಳಿಗೆ ಸರಿಯಾಗಿ ಗೊತ್ತಿತ್ತು. ಒಂದು ಸಣ್ಣ ಡಿಜೆ ಕಂಟ್ರೋಲರ್. ತಿರುಗಿಸಲು ಎರಡು ಚಕ್ರ, ನಡುವೆ ಆಚೀಚೆ ಸರಿಸುವ ಒಂದು ಗುಂಡಿ, ಮುಂದಿನ ಹಾಡನ್ನು ತಾನು ಮೊದಲೇ ಕೇಳಿಕೊಳ್ಳಲು ಹೆಡ್‌ಫೋನಿಗೊಂದು ತೂತು. ಒಂದೇ ತಂತಿಯಲ್ಲಿ ಟ್ಯಾಬಿಗೆ ಸೇರಬೇಕು. ಬಗಲಲ್ಲಿಟ್ಟುಕೊಂಡು ಮರ ಹತ್ತುವಂತಿರಬೇಕು.

ಅವಳು ಪುನುಗು ಬೆಕ್ಕು ಗಂಧರಾಯನ ಅಂಗಡಿಗೆ ಹೋದಳು. ಗಂಧರಾಯನಿಗೆ ತಾಳಕ್ಕೂ ತಗಡು ಬಡಿದ ಸದ್ದಿಗೂ ವ್ಯತ್ಯಾಸ ಗೊತ್ತಿರಲಿಲ್ಲ. ಆದರೂ ಕಾಡಿನ ಅರ್ಧ ಜನ ಅವನನ್ನು 'ಮಾಸ್ಟರ್' ಎನ್ನುತ್ತಿದ್ದರು. ಕರಡಿ ಜಾಂಬಣ್ಣನಂತೂ ಅವನಿಂದ ಮಂಚದಷ್ಟು ದೊಡ್ಡ ಕಂಟ್ರೋಲರ್ ಕೊಂಡಿದ್ದ. ಜಾಂಬಣ್ಣನ ಹತ್ತಿರ ಟ್ಯಾಬೂ ಇರಲಿಲ್ಲ, ಹಾಡೂ ಇರಲಿಲ್ಲ. ದೀಪ ಮಿನುಗುತ್ತದಲ್ಲ, ಆ ಮಹಾಶಯನಿಗೆ ಅಷ್ಟು ಸಾಕಿತ್ತು. ಉಳಿದ ಹೊತ್ತು ಅದರ ಮೇಲೆ ಇಪ್ಪೆ ಹೂ ಒಣಗಿಸುತ್ತಿದ್ದ.

"ಸಣ್ಣದಾ?" ಗಂಧರಾಯ ಮೀಸೆಯಲ್ಲೇ ನಕ್ಕ. "ಅದೆಲ್ಲ ಮಕ್ಕಳಾಟಕ್ಕೆ, ಚಂಪಕ್ಕ. ಈ ನಾಲ್ಕು ಚಕ್ರದ್ದು ತಗೋ. ನೋಡಿದವರು ಬಾಯಿ ಬಿಡಬೇಕು."

"ನನ್ನ ಮುಂದೆ ಕೂರುವವರು ಹಾಡು ಕೇಳಲು ಬರುತ್ತಾರೆ. ಇದು ನನ್ನ ಟ್ಯಾಬಿಗೆ ಒಗ್ಗುತ್ತದಾ?"

"ಕಣ್ಣಾರೆ ನೋಡು!"

ಗಂಧರಾಯ ಅವಳ ಟ್ಯಾಬಿಗೆ ತಂತಿ ಸಿಕ್ಕಿಸಿ ಗುಂಡಿ ಒತ್ತಿದ. ದೀಪಗಳು ಕುಣಿದವು. ಹಾಡು ಮೊಳಗಿತು. ಚಂಪಕ್ಕನಿಗೂ ಒಂದು ಕ್ಷಣ ಆಸೆಯಾಯಿತು. ಆಮೇಲೆ ಅವಳು ಕಿವಿ ನಿಮಿರಿಸಿದಳು. ಆ ಹಾಡು ಅವಳ ಟ್ಯಾಬಿನಲ್ಲಿ ಇರಲೇ ಇಲ್ಲ! ಸದ್ದಿಲ್ಲದೆ ತನ್ನ ಟ್ಯಾಬಿನ ತಂತಿ ಕಿತ್ತಳು. ಹಾಡು ನಡೆದೇ ಇತ್ತು. ಇನ್ನೊಂದು ತಂತಿ ಅಂಗಡಿಯ ಬಟ್ಟೆ ಪರದೆಯ ಹಿಂದಕ್ಕೆ ಹೋಗಿತ್ತು. ಪರದೆ ಸರಿಸಿದರೆ, ಅಲ್ಲೊಂದು ಲ್ಯಾಪ್‌ಟಾಪ್ ಕೂತಿತ್ತು.

"ಹಾಡು ಬರುತ್ತಿರುವುದು ಇದರಿಂದ. ನನ್ನ ಟ್ಯಾಬಿಗೆ ಇದು ಒಗ್ಗುವುದೇ ಇಲ್ಲ," ಎಂದಳು ಚಂಪಕ್ಕ.

"ಮುಟ್ಟಬೇಡ ಅದನ್ನು! ಕೊಳ್ಳುವ ಯೋಗ್ಯತೆ ಇಲ್ಲದವರಿಗೆ ಪರೀಕ್ಷೆ ಬೇರೆ ಕೇಡು!" ಎಂದು ಗಂಧರಾಯ ಅವಳನ್ನು ಹೊರಗೆ ಅಟ್ಟಿದ.

ದಾರಿಯಲ್ಲಿ ಸಿಕ್ಕ ಜಾಂಬಣ್ಣನಿಗೆ ಅವಳು ನಡೆದದ್ದನ್ನು ಹೇಳಿದಳು. "ನಿನಗೆ ಕೊಳ್ಳಲಾಗಲಿಲ್ಲ, ಹೊಟ್ಟೆಕಿಚ್ಚು," ಎಂದು ಅವನು ಹೊಟ್ಟೆ ಕೆರೆದುಕೊಂಡು ಮುಂದೆ ಹೋದ.

ಬಂಡೆಯ ಸಂದಿಯಲ್ಲಿ ರಿಪೇರಿ ಕೆಲಸ ಮಾಡುವ ಮುಳ್ಳುಹಂದಿ ಸೂಜಮ್ಮನ ಹತ್ತಿರ ಒಂದು ಹಳೆಯ ಕಂಟ್ರೋಲರ್ ಇತ್ತು. ಒಂದು ಮುತ್ತುಗದ ಎಲೆಯಷ್ಟೇ ಅಗಲ. ಬಣ್ಣ ಮಾಸಿತ್ತು.

"ಮೊದಲು ನಿನ್ನ ಟ್ಯಾಬ್ ಹಾಕಿ ನೋಡವ್ವ. ಒಗ್ಗಿದರೆ ಒಯ್ಯಿ, ಇಲ್ಲವಾದರೆ ಇಲ್ಲೇ ಬಿಡು," ಎಂದಳು ಸೂಜಮ್ಮ.

ಚಂಪಕ್ಕ ಅರ್ಧ ದಿನ ಅಲ್ಲೇ ಕೂತು ಹಾಡು ಹಾಕಿ ನೋಡಿದಳು. ಒಮ್ಮೆಯೂ ಬೆರಳು ಜಾರಲಿಲ್ಲ. ಒಂದು ಚೀಲ ತಾರೆಕಾಯಿ ಕೊಟ್ಟು ಅದನ್ನು ಕೊಂಡಳು.

ಇದು ಗಂಧರಾಯನ ಕಿವಿಗೆ ಬಿತ್ತು. ಅವನು ನೇರ ದಾಸಪ್ಪನಲ್ಲಿಗೆ ಓಡಿದ. "ನಿನ್ನ ಹೆಂಡತಿಗೆ ಆ ಆಟಿಕೆಯ ಹಾಡಾ? ನನ್ನ ನಾಲ್ಕು ಚಕ್ರದ ದೊಡ್ಡ ಪೆಟ್ಟಿಗೆ ತರುತ್ತೇನೆ. ಟ್ಯಾಬಿನಿಂದಲೇ ನಡೆಯುತ್ತದೆ." ದಾಸಪ್ಪನ ಕೊಕ್ಕು ಎಷ್ಟು ದೊಡ್ಡದೋ ಧೈರ್ಯ ಅಷ್ಟೇ ಚಿಕ್ಕದು. ನಾಲ್ಕು ಜನ ಏನೆಂದಾರೋ ಎಂದು ಹೆದರಿ ಒಪ್ಪಿದ. ಚಂಪಕ್ಕನಿಗೆ, "ನೀನು ಪಕ್ಕದ ಕೊಂಬೆಯಲ್ಲಿ ಸುಮ್ಮನೆ ಇರು," ಎಂದ. ಆದರೂ ಕೊಟ್ಟ ಮಾತಿದೆಯೆಂದು ಅವಳು ಟ್ಯಾಬ್, ಸ್ಪೀಕರ್, ಕಂಟ್ರೋಲರ್ ಎಲ್ಲ ತೆಗೆದುಕೊಂಡೇ ಬಂದಳು.

ಹೊನ್ನವ್ವ ಹೊರಬರುವ ಬೆಳಿಗ್ಗೆ ಕಾಡೆಲ್ಲ ಮರದ ಕೆಳಗೆ ಸೇರಿತ್ತು. ಎರಡು ಮುಸಿಯ ಕೋತಿಗಳು ಏದುಸಿರು ಬಿಡುತ್ತ ಪೆಟ್ಟಿಗೆಯನ್ನೂ ಬ್ಯಾಟರಿಯನ್ನೂ ಮೇಲಕ್ಕೆ ಎಳೆದವು. ಹಿಂದೆಯೇ ಗಂಧರಾಯ ಹೆಗಲಿಗೆ ಒಂದು ಚೀಲ ಹಾಕಿಕೊಂಡು ಹತ್ತಿದ. ಕೊಂಬೆ ಕರಕರ ಎಂದಿತು.

"ಮಾಸ್ಟರ್, ಭಾರ ಹೆಚ್ಚಾಯಿತು. ಆ ಚೀಲ ಕೆಳಗೆ ಕಳಿಸಿ," ಎಂದ ದಾಸಪ್ಪ.

"ಚೀಲ ಬೇಕಾಗುತ್ತದೆ..."

"ಟ್ಯಾಬಿನಿಂದಲೇ ನಡೆಯುತ್ತದೆ ಅಂದಿರಲ್ಲ?"

ಕೆಳಗಿನವರ ಕಣ್ಣುಗಳೆಲ್ಲ ಮೇಲಕ್ಕೆ ನೆಟ್ಟಿದ್ದವು. ಗಂಧರಾಯ ಮುಸಿಯಗಳ ಕೈಯಲ್ಲಿ ಚೀಲವನ್ನು ಕೆಳಗೆ ಕಳಿಸಿದ.

ಪೊಟರೆಯೊಳಗಿಂದ ಟಕ್ ಟಕ್ ಸದ್ದು ಶುರುವಾಯಿತು. ಹೊನ್ನವ್ವ ಗೋಡೆ ಒಡೆಯುತ್ತಿದ್ದಳು. ಗಂಧರಾಯ ಪೆಟ್ಟಿಗೆಗೆ ಒಂದು ಟ್ಯಾಬ್ ಸೇರಿಸಿ ಗುಂಡಿ ಒತ್ತಿದ, ಚಕ್ರ ತಿರುಗಿಸಿದ, ಪೆಟ್ಟಿಗೆಗೆ ಗುದ್ದಿದ. ದೀಪಗಳೆಲ್ಲ ಮಿನುಗಿದವು. ಹಾಡು ಮಾತ್ರ ಬರಲಿಲ್ಲ.

"ಎಲ್ಲಿ ಹಾಡು?" ಗೋಡೆಯ ಬಿರುಕಿನಿಂದ ಹೊನ್ನವ್ವನ ದನಿ ಬಂತು.

ಅಷ್ಟರಲ್ಲಿ ಕೆಳಗಿದ್ದ ಮುಸಿಯಗಳಲ್ಲಿ ಒಂದು, ಚೀಲ ಬಿಚ್ಚಿ ಕೂಗಿತು: "ಮಾಸ್ಟರ್! ಇದರಲ್ಲಿ ಲ್ಯಾಪ್‌ಟಾಪ್ ಇದೆ. ಮೇಲೆ ಕಳಿಸಲಾ?"

ಜಾಂಬಣ್ಣನ ಬಾಯಿ ತೆರೆದೇ ಉಳಿಯಿತು. ಗಂಧರಾಯ ಸಿಟ್ಟಿನಿಂದ ಕಾಲು ಅಪ್ಪಳಿಸಿದ. ಕೊಂಬೆ ಲಟಕ್ಕೆಂದು ಮುರಿಯಿತು. ಅವನು ಹೇಗೋ ಮರದ ಬೊಡ್ಡೆಗೆ ಜೋತುಬಿದ್ದ. ಪೆಟ್ಟಿಗೆ ಮಿನುಗುತ್ತಲೇ ಹೋಗಿ ಪಕ್ಕದಲ್ಲಿ ಕಾಡುಹಂದಿಗಳು ಹೊರಳುವ ಕೆಸರಿಗೆ ಬಿತ್ತು.

ಚಂಪಕ್ಕ ಯಾರ ಅಪ್ಪಣೆಗೂ ಕಾಯಲಿಲ್ಲ. ಕಂಟ್ರೋಲರನ್ನು ಮಡಿಲಲ್ಲಿಟ್ಟುಕೊಂಡು ಟ್ಯಾಬಿಗೆ ಒಂದೇ ತಂತಿ ಸಿಕ್ಕಿಸಿದಳು. ಹಾಡು ಹೊಮ್ಮಿತು. ಗೋಡೆ ಗಟ್ಟಿಯಾಗಿತ್ತು, ಬೇಗ ಬೀಳಲಿಲ್ಲ. ಒಂದು ಹಾಡು ಮುಗಿಯುತ್ತ ಬಂತು. ಅವಳು ಹೆಡ್‌ಫೋನಿನಲ್ಲಿ ಮುಂದಿನದನ್ನು ಕೇಳಿ, ತಾಳ ಕೂಡಿಸಿ, ನಡುವಿನ ಗುಂಡಿಯನ್ನು ಮೆಲ್ಲಗೆ ಸರಿಸಿದಳು. ಒಂದು ಎಲ್ಲಿ ಮುಗಿಯಿತು, ಇನ್ನೊಂದು ಎಲ್ಲಿ ಹುಟ್ಟಿತು, ಯಾರಿಗೂ ತಿಳಿಯಲಿಲ್ಲ. ಗೋಡೆ ಕುಸಿಯಿತು. ಹೊನ್ನವ್ವ ಬಿಸಿಲಿಗೆ ಕಣ್ಣು ಕಿರಿದು ಮಾಡಿ, ಮುದುಡಿದ ರೆಕ್ಕೆಯನ್ನು ತಾಳಕ್ಕೆ ಸರಿಯಾಗಿ ಬಿಡಿಸಿದಳು. ಕಾಡೇ ಕುಣಿಯಿತು.

"ಸುಮ್ಮನೆ ಇರು ಅಂದಿದ್ದು ಯಾರು ಇವಳಿಗೆ?" ಎಂದು, ಒಳಗಿಂದಲೇ ಎಲ್ಲ ಕೇಳಿಸಿಕೊಂಡಿದ್ದ ಹೊನ್ನವ್ವ ಗಂಡನನ್ನು ನೋಡಿದಳು. ದಾಸಪ್ಪ ಎಲೆಗಳನ್ನು ಎಣಿಸತೊಡಗಿದ.

ಮರುದಿನ ಮಾಸ್ಟರನ ಅಂಗಡಿಯ ಮುಂದೆ ಸಾಲು ನಿಂತಿತು. ಎಲ್ಲರೂ ತಮ್ಮ ತಮ್ಮ ಪೆಟ್ಟಿಗೆ ಹೊತ್ತು ತಂದಿದ್ದರು. ಮುಂದೆ ನಿಂತವನು ಜಾಂಬಣ್ಣ. "ನನಗೆ ಮೊದಲೇ ಅನುಮಾನವಿತ್ತು," ಎಂದು ಎಲ್ಲರಿಗೂ ಹೇಳುತ್ತಿದ್ದ. ಕರಡಿಯ ಉಗುರು ನೋಡಿ ಗಂಧರಾಯ ಎಲ್ಲವನ್ನೂ ವಾಪಸು ತೆಗೆದುಕೊಂಡ. ಸಂಜೆಯ ಹೊತ್ತಿಗೆ ಅಂಗಡಿ ಸೂರಿನವರೆಗೆ ತುಂಬಿತು. ಅವನಿಗೇ ಒಳಗೆ ಕಾಲಿಡಲು ಜಾಗ ಉಳಿಯಲಿಲ್ಲ.

ನೀತಿ: ವಸ್ತುವಿನ ಗಾತ್ರಕ್ಕೂ ಮಿನುಗಿಗೂ ಮರುಳಾಗಬೇಡಿ, ನಿಮ್ಮ ಕೆಲಸಕ್ಕೆ ಒಗ್ಗುತ್ತದೆಯೇ ಎಂದು ನೀವೇ ಪರೀಕ್ಷಿಸಿ ಕೊಳ್ಳಿ. ಸುಳ್ಳು ಹೇಳಿ ಮಾರಿದವನ ಸರಕು ಅವನ ಬಾಗಿಲಿಗೇ ಮರಳುತ್ತದೆ.