ನಡುಗುವ ಹಗ್ಗ

ಮನುಷ್ಯನ ಸ್ವಭಾವವನ್ನು ಹಗ್ಗ ಹಿಡಿದು ಅಳೆದವನೊಬ್ಬನಿದ್ದ ಎಂದರೆ ನೀವು ನಂಬುವುದಿಲ್ಲ. ನಂಬಬೇಡಿ ನೋಡೋಣ. ಕತೆ ಮುಗಿಯುವ ಹೊತ್ತಿಗೆ ನಾನೇ ಮಾತಿಲ್ಲದೆ ಕೂತಿದ್ದೆ ಎಂದರೆ ಅದನ್ನಂತೂ ನಮ್ಮೂರಲ್ಲಿ ಯಾರೂ ನಂಬುವುದಿಲ್ಲ. ಈ ಓಬಳೇಶನ ಬಾಯಿ ಮುಚ್ಚಿಸಬಲ್ಲವರು ನಮ್ಮ ಹೋಬಳಿಯಲ್ಲಿ ಇನ್ನೂ ಹುಟ್ಟಿಲ್ಲ, ಬೇಕಾದರೆ ಹೋಗಿ ವಿಚಾರಿಸಿ.

ಪ್ರಶ್ನೆ ಕೇಳಿದವನೂ ನಾನೇ.

"ಮೇಷ್ಟ್ರೇ, ಜೋಳ ಅಳೆಯಲು ಸೇರು ಇದೆ, ಹೊಲ ಅಳೆಯಲು ಸರಪಳಿ ಇದೆ. ಸ್ವಭಾವ ಅಳೆಯಲು ಪ್ರಶ್ನಾವಳಿ ಇದೆ. ಇಷ್ಟಿರುವಾಗ ಮನುಷ್ಯನನ್ನು ಅರಿಯಲು ಇನ್ನೇನು ಬೇಕು?"

ಚೆನ್ನವೀರ ಮೇಷ್ಟ್ರು ನಮಗೆ ಮನಃಶಾಸ್ತ್ರ ಕಲಿಸುವವರು. ಹೊಳೆದಂಡೆಯ ಒಂದು ತಾಲೂಕಿನವರು ಆಗಷ್ಟೇ ಬಂದು ಅವರನ್ನು ಕೇಳಿಕೊಂಡು ಹೋಗಿದ್ದರು. ನೆರೆಗೆ ಸಿಕ್ಕಿದವರನ್ನು ದಾಟಿಸಲು ಅಲ್ಲಿ ದೋಣಿ ಪಡೆ ಕಟ್ಟುತ್ತಿದ್ದರು. ನೀರಿಗೆ ಇಳಿಯುವವನ ಸೊಂಟಕ್ಕೆ ಹಗ್ಗ ಕಟ್ಟುತ್ತಾರೆ. ಅದರ ಇನ್ನೊಂದು ತುದಿ ದೋಣಿಯಲ್ಲಿ ಕೂತವನ ಕೈಯಲ್ಲಿರುತ್ತದೆ. ಆ ಕೈ ಯಾರದಾಗಬೇಕು ಎಂದು ಸ್ವಭಾವ ನೋಡಿ ಆರಿಸಿ ಕೊಡಿ ಎಂಬುದು ಅವರ ಕೋರಿಕೆ. ಆಯ್ಕೆ ತಪ್ಪಿದರೆ ಒಂದು ಜೀವ ಹೋಗುತ್ತದೆ.

ಆರಿಸುವ ಆ ಕೆಲಸ ನನಗೇ ಸಿಗಬೇಕೆಂದು ನಾನು ಹಟ ಹಿಡಿದಿದ್ದೆ. ಯಾಕೆ ಸಿಗಬಾರದು? ಜನ ಒಬ್ಬರನ್ನೊಬ್ಬರು ಬಣ್ಣಿಸುವ ಮಾತುಗಳನ್ನೆಲ್ಲ ರಾಶಿ ಹಾಕಿ, ಒಂದಕ್ಕೊಂದು ಒಗ್ಗುವುದನ್ನು ಸೇರಿಸಿ ಹುಲ್ಲಿನಂತೆ ಕಟ್ಟುತ್ತ ಹೋದರೆ ಕೊನೆಗೆ ಐದು ಕಟ್ಟು ಉಳಿಯುತ್ತವೆ: ಹೊಸತಕ್ಕೆ ತೆರೆದ ಮನಸ್ಸು, ಅಚ್ಚುಕಟ್ಟುತನ, ಜನರೊಡನೆ ಬೆರೆಯುವ ಗುಣ, ಮಿದುತನ, ಕಳವಳ. ಇದನ್ನು ನನ್ನಷ್ಟು ಸಲೀಸಾಗಿ ತರಗತಿಯಲ್ಲಿ ಯಾರೂ ಹೇಳುತ್ತಿರಲಿಲ್ಲ.

"ಅರ್ಧ ಗಂಟೆ ಕೊಡಿ ಮೇಷ್ಟ್ರೇ. ಪ್ರಶ್ನೆಗಳನ್ನು ಕೈಗಿಟ್ಟು ಪಡೆಯ ಒಬ್ಬೊಬ್ಬನ ಗುಣವನ್ನೂ ತೂಗಿ ಹೇಳುತ್ತೇನೆ. ಈಜೊಂದನ್ನು ಬಿಟ್ಟರೆ ನನಗೆ ಬಾರದ ವಿದ್ಯೆ ಯಾವುದಿದೆ?" ಎಂದೆ. ನಮ್ಮೂರಿನ ಕೆರೆಯಲ್ಲಿ ನೀರು ನಿಂತದ್ದನ್ನು ನಾನು ಕಂಡವನಲ್ಲ. ಈಜು ಬಾರದಿದ್ದರೆ ಅದು ಕೆರೆಯ ತಪ್ಪು.

"ಬಾಯಿ ಮುಚ್ಚೋದು ಬರುತ್ತೇನೋ?" ಎಂದಳು ಪಕ್ಕದಲ್ಲಿದ್ದ ನಾಗವೇಣಿ. ಎಲ್ಲರೂ ನಕ್ಕರು. ಮೇಷ್ಟ್ರು ನಗಲಿಲ್ಲ. ಕತೆ ಹೇಳಿದರು.

ಒಬ್ಬ ಜೇನು ಕೀಳುವವನಿದ್ದ. ಬಂಡೆಯ ನೆತ್ತಿಯ ಮರಕ್ಕೆ ಸುತ್ತು ಹಾಕಿದ ಬಳ್ಳಿಯ ಹಗ್ಗದಲ್ಲಿ ಇಳಿದು, ನಡುಬಂಡೆಯ ಹೆಜ್ಜೇನು ಕೀಳುವುದು ಅವನ ಕಸುಬು. ಮೇಲೆ ಸುತ್ತು ಸಡಿಲದಂತೆ ಹಗ್ಗ ಹಿಡಿದು ಕಾಯುವವನು ಹೆಂಡತಿಯ ಒಡಹುಟ್ಟಿದವನೇ ಆಗಬೇಕು ಎಂಬುದು ಅವರ ಹಾಡಿಯ ಕಟ್ಟಳೆ. ಒಡಹುಟ್ಟಿದವಳ ತಾಳಿ ಹರಿಯಲು ಯಾರೂ ಬಿಡುವುದಿಲ್ಲವಷ್ಟೆ. ಆದರೆ ಇವನ ಹೆಂಡತಿಯ ಒಬ್ಬನೇ ಅಣ್ಣ ಜ್ವರ ಬಂದು ತೀರಿಕೊಂಡ. ಕಟ್ಟಳೆ ಅಲ್ಲಿಗೆ ಮುಗಿಯಿತು. ಇನ್ನು ಹಗ್ಗವನ್ನು ಯಾರ ಕೈಗೆ ಕೊಡುವುದು?

ಹಾಡಿಯಲ್ಲಿ ಒಬ್ಬ ಬೇಟೆಗಾರನಿದ್ದ. ಕೊಳ್ಳಿ ಹಿಡಿದು ಆನೆಯನ್ನು ಓಡಿಸಿದವನು ಎಂದು ಜನ ಹೇಳುತ್ತಿದ್ದರು. ಜೇನು ಕೀಳುವವನು ಅವನನ್ನೇ ಹೋಗಿ ಕೇಳಿದ.

"ನಿನಗೆ ಹೆದರಿಕೆ ಆಗುತ್ತದೆಯೇ?"

"ಆನೆಗೆ ಹೆದರದವನು ನೊಣಕ್ಕೆ ಹೆದರುತ್ತೇನೆಯೇ?"

ಜೇನು ಕೀಳುವವನು ಬೇಟೆಗಾರನ ಹೆಂಡತಿಯನ್ನೂ ಕೇಳಿದ. ಅವಳು ನಕ್ಕಳು. "ಧೈರ್ಯ ಬೇಕಾದಷ್ಟಿದೆಯಣ್ಣ. ಒಲೆ ಮೇಲಿನ ಗೆಣಸು ಬೇಯುವ ತನಕ ಕೂತದ್ದು ಮಾತ್ರ ನಾನು ಕಾಣೆ."

ಅದೇ ಹಾಡಿಯಲ್ಲಿ ಬುಟ್ಟಿ ಹೆಣೆಯುವವನೊಬ್ಬನಿದ್ದ. ತರಗೆಲೆ ಸದ್ದಾದರೆ ಬೆಚ್ಚುವವನು. ಹಾಡಿಯ ಮಕ್ಕಳೆಲ್ಲ ಅವನ ಬೆನ್ನ ಹಿಂದೆ ಬಂದು ಕೂಗಿ ಓಡುತ್ತಿದ್ದರು. ಅವನನ್ನೂ ಕೇಳಿದ.

"ಈಗಲೇ ಹೆದರಿಕೆ ಆಗುತ್ತಿದೆ. ನನ್ನನ್ನು ಯಾಕೆ ಕೇಳುತ್ತೀಯ?" ಎಂದ ಅವನು.

ಅವನ ತಾಯಿ ಹೇಳಿದಳು: "ಹೆದರುಪುಕ್ಕಲ, ಸುಳ್ಳಲ್ಲ. ಆದರೆ ಬುಟ್ಟಿಯ ಬಾಯಿ ಕಟ್ಟಿ ಮುಗಿಸದೆ ಉಣ್ಣಲು ಏಳುವವನಲ್ಲ. ಕೂಗಿ ಕೂಗಿ ನನ್ನ ಗಂಟಲು ಹೋಯಿತು."

ಜೇನು ಕೀಳುವವನು ಅವಸರ ಪಡಲಿಲ್ಲ. ಆ ವರ್ಷ ಬಂಡೆಗೆ ಇಳಿಯಲೂ ಇಲ್ಲ. ಗೆಡ್ಡೆ ಅಗೆದು ಹೊಟ್ಟೆ ಹೊರೆದ. ಮದುವೆಯಲ್ಲಿ, ಸಾವಿನಲ್ಲಿ, ಮಳೆಯಲ್ಲಿ, ಹಸಿವಿನಲ್ಲಿ ಇಬ್ಬರನ್ನೂ ನೋಡುತ್ತ ಉಳಿದ. ಒಂದು ದಿನ ಬೇಟೆಗಾರ ಬೆಳಗಿನಿಂದ ಬೈಗಿನ ತನಕ ಕಲ್ಲಿನಂತೆ ಕೂತು ಕಡವೆಗೆ ಕಾದ. ಇನ್ನೊಂದು ದಿನ ಬುಟ್ಟಿ ಹೆಣೆಯುವವನು ಅರ್ಧ ಬುಟ್ಟಿಯನ್ನು ಎಸೆದು ಎದ್ದು ಹೋದ. ಆ ಎರಡು ದಿನಗಳನ್ನಷ್ಟೇ ಕಂಡವನು ಹಗ್ಗವನ್ನು ತಪ್ಪು ಕೈಗೆ ಕೊಡುತ್ತಿದ್ದ. ಇವನು ಎಲ್ಲ ದಿನಗಳನ್ನೂ ಕಂಡ. ಧೈರ್ಯವಂತ, ಹೇಡಿ ಎಂದು ಎರಡು ಜಾತಿ ಇಲ್ಲ ಎಂಬುದು ಅವನಿಗೆ ತಿಳಿಯಿತು. ಉಪ್ಪಿಲ್ಲದ ಸಾರಿಲ್ಲ, ಎಷ್ಟು ಉಪ್ಪು ಎಂಬುದೇ ಮಾತು. ಅಂಜಿಕೆ ಬೇಟೆಗಾರನಲ್ಲೂ ಇತ್ತು. ಹಿಡಿದದ್ದನ್ನು ಬಿಡದ ಗುಣವೂ ಅವನಲ್ಲಿ ಇಲ್ಲದೆ ಇರಲಿಲ್ಲ, ಆದರೆ ಬುಟ್ಟಿ ಹೆಣೆಯುವವನಲ್ಲಿ ಇದ್ದಷ್ಟು ಇರಲಿಲ್ಲ.

ಮರುವರ್ಷ ಹೂ ಬಿಟ್ಟ ಕಾಲಕ್ಕೆ ಅವನು ಹಗ್ಗವನ್ನು ಬುಟ್ಟಿ ಹೆಣೆಯುವವನ ಕೈಗೆ ಕೊಟ್ಟ. ಹಾಡಿ ನಕ್ಕಿತು. ಹೆಂಡತಿ ಅತ್ತಳು. ಅವನು ಇಳಿದ.

ನಡುಬಂಡೆಯಲ್ಲಿ ಹೊಗೆ ಹಾಕಿದಾಗ ಗಾಳಿ ತಿರುಗಿತು. ಜೇನುಹುಳುಗಳು ಎದ್ದು ಬಂಡೆಯ ನೆತ್ತಿಗೆ ಏರಿದವು. ಮೇಲಿನಿಂದ ಚೀರಾಟ ಕೇಳಿತು, ಆಮೇಲೆ ಅದೂ ಕೇಳಲಿಲ್ಲ. ಕೆಳಗೆ ನೂರಾಳುದ್ದದ ಪ್ರಪಾತ. ಅವನು ಕಣ್ಣು ಮುಚ್ಚಿ ಹಗ್ಗಕ್ಕೆ ಕೆನ್ನೆ ಒತ್ತಿದ. ಹಗ್ಗ ನಡುಗುತ್ತಿತ್ತು. ಅಷ್ಟೂ ಉದ್ದದ ಬಳ್ಳಿಯಲ್ಲಿ ಒಬ್ಬ ಮನುಷ್ಯನ ಅಂಜಿಕೆ ಇಳಿದು ಬಂದು ಅವನ ಕೆನ್ನೆಯನ್ನು ಮುಟ್ಟುತ್ತಿತ್ತು. ಬಿಟ್ಟ ಹಗ್ಗ ನಡುಗುವುದಿಲ್ಲ. ನಡುಗುವ ತನಕ ಮೇಲೆ ಒಬ್ಬನಿದ್ದಾನೆ. ಜೇನು ಕೀಳುವವನು ತನ್ನ ಬದುಕಿನಲ್ಲಿ ಅದಕ್ಕಿಂತ ದೊಡ್ಡದನ್ನು ಮುಟ್ಟಿರಲಿಲ್ಲ.

ಅವನು ಹತ್ತಿ ಬಂದಾಗ ಬುಟ್ಟಿ ಹೆಣೆಯುವವನ ಮುಖ ಊದಿ ಕಣ್ಣು ಕಾಣುತ್ತಿರಲಿಲ್ಲ. ಹಗ್ಗ ಇನ್ನೂ ಅವನ ಮುಷ್ಟಿಯಲ್ಲಿತ್ತು.

"ಕಚ್ಚುವಾಗ ಏನನ್ನಿಸಿತು?"

"ಓಡಬೇಕು ಅನ್ನಿಸಿತು."

"ಮತ್ತೆ?"

"ಕೆಲಸ ಮುಗಿದಿರಲಿಲ್ಲವಲ್ಲ."

ಮೇಷ್ಟ್ರು ಅಲ್ಲಿಗೆ ನಿಲ್ಲಿಸಿದರು. ನಾಗವೇಣಿ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ನಾನು ಸುಮ್ಮನಿರುವವನೇ? ತೊಡೆ ತಟ್ಟಿದೆ.

"ಕೇಳಿದಿರಾ ಮೇಷ್ಟ್ರೇ! ನಿಮ್ಮ ಕತೆಯೇ ನನ್ನ ಕಡೆ ಸಾಕ್ಷಿ ಹೇಳಿತು. ಬುಟ್ಟಿಯವನಿಗೆ ಕಳವಳ ಹೆಚ್ಚು, ಅಚ್ಚುಕಟ್ಟುತನ ಅದಕ್ಕಿಂತ ಹೆಚ್ಚು. ಅವನು ಕೇಳಿದ್ದಕ್ಕೆ ನಿಜವನ್ನೇ ಹೇಳಿದ್ದ, ಅವನ ತಾಯಿಯೂ ಹೇಳಿದ್ದಳು. ನನ್ನ ಪ್ರಶ್ನೆಗಳು ಅರ್ಧ ಗಂಟೆಯಲ್ಲಿ ಅದನ್ನೇ ಹೇಳುತ್ತಿದ್ದವು."

"ಹೇಳುತ್ತಿದ್ದವು," ಎಂದರು ಮೇಷ್ಟ್ರು. "ಒಳ್ಳೆಯ ಪ್ರಶ್ನೆಗಳು ಅವು. ನಾನೇ ಕಲಿಸಿದ್ದು."

"ಮತ್ತೆ ಅವನು ಒಂದು ವರ್ಷ ಗೆಡ್ಡೆ ತಿಂದುಕೊಂಡು ಯಾಕೆ ನೋಡುತ್ತ ಕೂತ?"

ಮೇಷ್ಟ್ರು ನನ್ನ ಮುಖವನ್ನೇ ನೋಡಿದರು.

"ಇಳಿಯಬೇಕಾದವನು ಅವನೇ ಆಗಿದ್ದನಲ್ಲ, ಓಬಳೇಶ."

ನನ್ನ ಬಾಯಲ್ಲಿ ಮಾತು ಬರಲಿಲ್ಲ. ನಾಗವೇಣಿಯೂ ನಗಲಿಲ್ಲ.

ಆ ಕೆಲಸ ನನಗೇ ಸಿಕ್ಕಿತು. ಪ್ರಶ್ನಾವಳಿಯ ಕಂತೆಯನ್ನು ಮೇಷ್ಟ್ರು ತಮ್ಮ ಕೈಯಾರೆ ನನಗೆ ಕೊಟ್ಟರು. ಅದರ ಜೊತೆಗೆ ಮಳೆಗಾಲ ಮುಗಿಯುವ ತನಕ ಪಡೆಯ ದೋಣಿಯಲ್ಲಿ ಒಂದು ಜಾಗ, ಮತ್ತು ನನ್ನ ಸೊಂಟಕ್ಕೆ ಒಂದು ಹಗ್ಗ.