ಇಳಿಸಿದ ಗಾಂಧಾರ

“ಗುರುಗಳೇ, ಯಾರಿಗೂ ಕೇಡಾಗದ ಸುಳ್ಳು ಹೇಳಿದರೆ ಅದೂ ತಪ್ಪೇ?” ಎಂದು ಶಿಷ್ಯ ಚನ್ನವೀರ ಕೇಳಿದ.

ಗುರುಗಳು ಮಠದ ಜಗಲಿಯ ಮೇಲೆ ಕುಳಿತಿದ್ದರು. ಪಕ್ಕದಲ್ಲಿ ಒಂದು ಗೋಣಿಯ ಗಂಟಿತ್ತು. ಅವರು ಕಣ್ಣು ಕಿರಿದು ಮಾಡಿ, “ಅಂದರೆ ಸುಳ್ಳು ಹೇಳಿಯಾಗಿದೆ. ಯಾರಿಗಾಗಿ ಹೇಳಿದೆ? ಅದನ್ನು ಮೊದಲು ಬಿಡಿಸಿ ಹೇಳು,” ಎಂದರು.

ಚನ್ನವೀರ ಹೇಳಿದ. ಮೊನ್ನೆ ಮಧ್ಯಾಹ್ನ ಕೊಟ್ಟಿಗೆ ಕಾಯಬೇಕಾಗಿದ್ದ ಅವನ ಗೆಳೆಯ ಗದಿಗೆಯ್ಯ ಬಾಗಿಲು ಹಾಕದೆ ನಿದ್ದೆ ಹೋಗಿದ್ದ. ಕರುಗಳು ಹೊರಬಿದ್ದು ಮಠದ ಸೊಪ್ಪಿನ ಮಡಿಗಳನ್ನೆಲ್ಲ ಮೇಯ್ದುಬಿಟ್ಟವು. ನಿಜ ಗೊತ್ತಾದರೆ ಗದಿಗೆಯ್ಯನನ್ನು ಮಠದಿಂದ ಕಳಿಸಿಬಿಡುತ್ತಿದ್ದರು. ಅದಕ್ಕೇ ಚನ್ನವೀರ, ಬಾಗಿಲು ಹಾಕಿಯೇ ಇತ್ತು, ಹೊಸ ಅಗುಳಿ ತಾನಾಗಿ ಜಾರಿತು ಎಂದು ಎಲ್ಲರೆದುರು ಹೇಳಿದ್ದ.

“ಸೊಪ್ಪು ಮತ್ತೆ ಚಿಗುರುತ್ತದೆ. ಗೆಳೆಯ ಉಳಿದುಕೊಂಡ. ಕೇಡು ಯಾರಿಗಾಯಿತು?”

“ತೀರ್ಪನ್ನು ಕೈಯಲ್ಲಿ ಹಿಡಿದುಕೊಂಡೇ ಬಂದಿದ್ದೀಯಲ್ಲ! ಕೂತುಕೋ. ಕತೆ ಮುಗಿಯುವ ತನಕ ಬಾಯಿ ಹಾಕಬೇಡ,” ಎಂದು ಗುರುಗಳು ಹೇಳತೊಡಗಿದರು.

ಒಬ್ಬ ವಾದಕನಿದ್ದ. ಅವನದು ಸ್ಟೀಲ್ ಗಿಟಾರು. ಹೆಗಲಿಗೆ ಹಾಕಿಕೊಳ್ಳುವ ಗಿಟಾರಲ್ಲ ಅದು. ಮೇಜಿನ ಹಾಗೆ ನಾಲ್ಕು ಕಾಲಿನ ಮೇಲೆ ಅಂಗಾತ ಮಲಗಿರುತ್ತದೆ. ಎಡಗೈಯಲ್ಲಿ ಉಕ್ಕಿನ ತುಂಡು ಹಿಡಿದು ತಂತಿಗಳ ಮೇಲೆ ಜಾರಿಸಬೇಕು. ಕೆಳಗೆ ಪಾದಕ್ಕೆ ಪೆಡಲುಗಳು, ಮೊಣಕಾಲಿಗೆ ತಾಗುವಂತೆ ಲಿವರುಗಳು. ಪೆಡಲು ತುಳಿದರೆ ಒಂದು ಸರಳು ತಂತಿಯನ್ನು ಎಳೆದು ಸ್ವರ ಏರಿಸುತ್ತದೆ. ಎಷ್ಟು ಏರಬೇಕು ಎಂಬುದು ಸರಳಿನ ತುದಿಯ ತಿರುಪಿನಲ್ಲಿದೆ. ತಿರುಪು ಯಾರ ಕೈಯಲ್ಲೋ ಸ್ವರವೂ ಅವರ ಕೈಯಲ್ಲೇ.

ಅವನು ಒಬ್ಬ ಗಾಯಕಿಗೆ ಇಪ್ಪತ್ತು ವರ್ಷ ಜೊತೆ ನುಡಿಸಿದವನು. ಅವಳನ್ನು ಅಕ್ಕಾ ಎಂದು ಕರೆಯುತ್ತಿದ್ದ. ಹೊಟ್ಟೆಗಿಲ್ಲದ ದಿನಗಳಲ್ಲಿ ಮನೆಗೆ ಕರೆದು ಉಣ್ಣಿಸಿದವಳು ಅವಳೇ. ಅವಳ ಕಂಠ ಎಲ್ಲಿ ಹೊರಳುತ್ತದೆ, ಎಲ್ಲಿ ತಡೆಯುತ್ತದೆ ಎಂದು ನೋಡಿ ನೋಡಿ, ಅದಕ್ಕೆ ತಕ್ಕ ಹಾಗೆ ಪೆಡಲು ಲಿವರುಗಳನ್ನು ತಾನೇ ಜೋಡಿಸಿಕೊಂಡಿದ್ದ. ಅಲ್ಲಿಯವರೆಗೆ ಅದು ಒಳ್ಳೆಯ ಕೆಲಸ. ಅದರಲ್ಲಿ ನನ್ನ ತಕರಾರೇನಿಲ್ಲ.

ವಯಸ್ಸು ಯಾರ ಮಾತು ಕೇಳುತ್ತದೆ? ಅವಳ ಮೇಲಿನ ಗಾಂಧಾರ ಕೂದಲೆಳೆಯಷ್ಟು ಇಳಿಯತೊಡಗಿತು. ಅವಳಿಗೆ ಗೊತ್ತಾಗಲಿಲ್ಲ, ಅವನಿಗೆ ಗೊತ್ತಾಯಿತು. ಹೇಳಲು ಬಾಯಿ ಬರಲಿಲ್ಲ. ಉಕ್ಕನ್ನು ಹಿಂದಕ್ಕೆ ಜಾರಿಸಿದರೆ ಜೊತೆಯ ತಂತಿಗಳೂ ಇಳಿದು ಗುಟ್ಟು ರಟ್ಟಾಗುತ್ತದೆ. ಅದಕ್ಕೇ ಒಂದು ಕಚೇರಿಗೆ ಮುಂಚೆ ಬಗ್ಗಿ, ಗಾಂಧಾರದ ಪೆಡಲಿನ ತಿರುಪನ್ನು ತುಸುವೇ ಸಡಿಲಿಸಿದ. ಅವಳು ನಿಂತಲ್ಲೇ ಪೆಡಲೂ ನಿಂತಿತು. ಎರಡು ಸ್ವರ ಒಂದಾದ ಮೇಲೆ ತಪ್ಪು ಹುಡುಕುವವರು ಯಾರು? ಜನ ತಲೆದೂಗಿದರು. ಮರುವರ್ಷ ಇನ್ನೊಂದಿಷ್ಟು ಸಡಿಲಿಸಿದ. ಯಾರಿಗೂ ಕೇಡಿಲ್ಲವಲ್ಲ ಎಂದು ಅವನೂ ನಿನ್ನ ಹಾಗೆಯೇ ಅಂದುಕೊಂಡ.

ಒಮ್ಮೆ ಒಂದು ದೊಡ್ಡ ಸಭೆ. ಕರೆಸಿದವರು ಅವಳ ಜೊತೆಗೆ ಹಾರ್ಮೋನಿಯಂ ನುಡಿಸುವ ಒಬ್ಬ ಹೊಸಬನನ್ನೂ ಕೂರಿಸಿದರು. ಪೆಟ್ಟಿಗೆಯವನು ಎನ್ನುತ್ತೇವಲ್ಲ, ಅವನು. ಅಂದು ಅವನ ಕೈ ಮೆಚ್ಚುಗೆಯಾದರೆ ಗಾಯಕಿಯ ಮೇಳದಲ್ಲಿ ಕಾಯಂ ಜಾಗ ಎಂದು ಮಾತಾಗಿತ್ತು. ಮನೆಯಲ್ಲಿ ಹೆಂಡತಿ, ಇಬ್ಬರು ಮಕ್ಕಳು, ಬೇರೆ ಕಸುಬು ಗೊತ್ತಿಲ್ಲ. ಪೆಟ್ಟಿಗೆಗೆ ಆ ತಿರುಪು ಗಿರುಪು ಏನೂ ಇಲ್ಲ. ಅದರೊಳಗೆ ಗಾಳಿಗೆ ನುಡಿಯುವ ಹಿತ್ತಾಳೆಯ ಪಟ್ಟಿ, ಆ ರೀಡು, ಒಂದು ಸ್ವರ ಹಿಡಿದರೆ ಅದೇ ಸ್ವರ, ರಾಜ ಬಂದರೂ ಅಷ್ಟೆ. ಪೆಟ್ಟಿಗೆಯನ್ನು ಕಂಡೊಡನೆ ವಾದಕನಿಗೆ ತಾನು ಇಳಿಸಿದ ಗಾಂಧಾರ ನೆನಪಾಯಿತು. ಅಷ್ಟರಲ್ಲಿ ಪರದೆ ಮೇಲೆದ್ದಿತ್ತು. ಬಗ್ಗಿ ತಿರುಪಿಗೆ ಕೈ ಹಾಕುವ ಹಾಗಿರಲಿಲ್ಲ.

ಮೇಲಿನ ಗಾಂಧಾರ ಬಂತು. ಅನ್ನದಲ್ಲಿ ಕಲ್ಲು ಸಿಕ್ಕಿದ ಹಾಗಾಯಿತು. ಗಾಯಕಿ ಪೆಟ್ಟಿಗೆಯವನನ್ನು ದುರುಗುಟ್ಟಿ ನೋಡಿದಳು. ಎರಡನೆಯ ಸಲವೂ ಅದೇ ಕತೆ. ಮುಂದಿನ ಸಾಲಿನವರು ಮುಸಿಮುಸಿ ನಕ್ಕರು. ಅವಳು ಹಾಡು ನಿಲ್ಲಿಸಿದಳು.

“ಏನಪ್ಪಾ, ನಿನ್ನ ಪೆಟ್ಟಿಗೆಗೆ ನೆಗಡಿಯಾಗಿದೆಯೇ?”

ಸಭೆ ಗೊಳ್ಳೆಂದಿತು. ಪೆಟ್ಟಿಗೆಯವನು ಎದ್ದು ಕೈಮುಗಿದ. “ಇಲ್ಲ ತಾಯೀ, ನನ್ನ ಸ್ವರ ಸರಿಯಾಗಿಯೇ ಇದೆ. ಬೇಕಾದರೆ ಇವರನ್ನೇ ಕೇಳಿ,” ಎಂದು ವಾದಕನ ಕಡೆ ತಿರುಗಿದ.

ಎಲ್ಲರೂ ವಾದಕನನ್ನು ನೋಡಿದರು. ಅವಳೂ ನೋಡಿದಳು. ನಿಜ ಹೇಳಿದರೆ ಅಕ್ಕನ ಮಾನ ಅಲ್ಲೇ ಹೋಗುತ್ತದೆ. ಹೇಳದಿದ್ದರೆ ಈ ಬಡವನ ಅನ್ನ ಹೋಗುತ್ತದೆ. ಅವನು ಸಡಿಲಿಸಿದ ಪೆಡಲನ್ನೇ ತುಳಿದು ಗಾಂಧಾರ ನುಡಿಸಿದ. ಅವಳು ಅದಕ್ಕೆ ದನಿಗೂಡಿಸಿದಳು. ಎರಡೂ ಒಂದೇ. ಇಬ್ಬರೆದುರು ಒಬ್ಬ ಏನು ಮಾಡಿಯಾನು? ಪೆಟ್ಟಿಗೆ ಮುಚ್ಚಿ ಎತ್ತಿಕೊಂಡು, ನಗುವ ಜನರ ನಡುವೆಯೇ ಇಳಿದು ಹೋದ.

ಇಲ್ಲಿಗೆ ಮುಗಿದಿದ್ದರೆ ನಾನೂ ಸುಮ್ಮನಿರುತ್ತಿದ್ದೆ. ಆ ಪುಣ್ಯಾತ್ಮ ಮನೆಗೆ ಹೋಗಿ ತನ್ನ ಕಿವಿಯನ್ನೇ ಅನುಮಾನಿಸಿದ. ಅಷ್ಟು ದೊಡ್ಡವರಿಬ್ಬರೂ ತಪ್ಪುತ್ತಾರೆಯೇ ಎಂದುಕೊಂಡ. ಪೆಟ್ಟಿಗೆ ಬಿಚ್ಚಿ, ಅರ ತೆಗೆದುಕೊಂಡು, ಗಾಂಧಾರದ ರೀಡನ್ನು ಬುಡದಲ್ಲಿ ಕೆರೆದ. ಕೆರೆದು ಕೆರೆದು ಅವರ ಸ್ವರಕ್ಕೆ ಇಳಿಸಿದ. ಆಮೇಲೆ ಎಲ್ಲಿ ಕೂತರೂ ಅವನ ಪೆಟ್ಟಿಗೆ ನಿಜವಾಗಿಯೇ ಅಪಸ್ವರ. ಒಬ್ಬೊಬ್ಬರಾಗಿ ಎಲ್ಲರೂ ಕರೆಯುವುದನ್ನು ಬಿಟ್ಟರು. ಥೂ, ಹೇಳುವಾಗಲೂ ನನ್ನ ಹೊಟ್ಟೆ ಉರಿಯುತ್ತದೆ! ಸಡಿಲಿಸಿದ ತಿರುಪನ್ನು ಮತ್ತೆ ಬಿಗಿಯಬಹುದು. ಕೆರೆದುಹಾಕಿದ ಹಿತ್ತಾಳೆಯನ್ನು ಯಾರು ತಂದು ಹಚ್ಚುತ್ತಾರೆ?

ಗುರುಗಳು ಕತೆ ಮುಗಿಸಿದರು. ಚನ್ನವೀರ ಹೇಳಿದ: “ಆ ವಾದಕನ ಎದುರಿಗೆ ಒಬ್ಬ ಮನುಷ್ಯನಿದ್ದ, ಗುರುಗಳೇ. ನಾನು ತಪ್ಪು ಹೊರಿಸಿದ್ದು ಒಂದು ಮರದ ಅಗುಳಿಯ ಮೇಲೆ.”

ಗುರುಗಳು ಪಕ್ಕದ ಗೋಣಿಯ ಗಂಟನ್ನು ಅವನ ಮುಂದಕ್ಕೆ ಸರಿಸಿ ಬಿಚ್ಚಿದರು. ಒಳಗೆ ಒಂದು ಬಾಚಿ, ಮೂರು ಉಳಿ, ಒಂದು ಕೊಡತಿ ಇದ್ದವು.

“ಆ ಅಗುಳಿ ಮಾಡಿದ ಬಡಿಗ ಮೌನೇಶಪ್ಪ ಇವತ್ತು ಬೆಳಿಗ್ಗೆ ಬಂದು, ‘ಇನ್ನು ನನ್ನ ಕೈ ಕೆಟ್ಟಿತು ಬುದ್ಧೀ’ ಎಂದು ಇವನ್ನು ಇಲ್ಲಿಟ್ಟು ಹೋದ.”