ಹಳದಿಗೆ ತಿರುಗಿದ ಬಿಳಿ ಪುಡಿ

ಬಣ್ಣದ ಕಾರ್ಖಾನೆಯ ಹೊಲಸು ಸೇರಿದ ಹೊಂಡದಲ್ಲಿ ಮೀನುಮರಿಯೊಂದು ಉಸಿರಿಗೆ ಒದ್ದಾಡುತ್ತಿತ್ತು. ಬಿಸಿಲಿನ ಬಲದಿಂದ ವಿಷವನ್ನು ಮುರಿಯಬಲ್ಲ ಟೈಟಾನಿಯಂ ಡೈಆಕ್ಸೈಡ್ ಪುಡಿ ದಡದಲ್ಲೇ ಇತ್ತು. ಆದರೆ ಆ ಅಚ್ಚ ಬಿಳಿ ಪುಡಿ ನೇರಳಾತೀತ ಕಿರಣವನ್ನಷ್ಟೇ ಒಳಗೆ ಬಿಟ್ಟುಕೊಂಡು, ಉಳಿದ ಬಿಸಿಲನ್ನೆಲ್ಲ ಹಿಂದಕ್ಕೆ ಕಳಿಸುತ್ತಿತ್ತು.

ಪಕ್ಕದಲ್ಲಿದ್ದ ಕಬ್ಬಿಣದ ಕಣ ಪುಡಿಗೆ ಹೇಳಿತು: "ಅಕ್ಕಾ, ನನ್ನನ್ನು ಸೇರಿಸಿಕೊಂಡು ಕುಲುಮೆಯಲ್ಲಿ ಬೆಂದು ಬಾ. ಉಳಿದ ಬಿಸಿಲೂ ನಿನಗೆ ದಕ್ಕುತ್ತದೆ."

"ನನ್ನ ಬಿಳುಪು ಕೆಡುತ್ತದೆ. ಒಂದು ಕಲೆಯನ್ನೂ ತಾಗಿಸಿಕೊಂಡವಳಲ್ಲ ನಾನು!"

"ಸರಿ, ಹಾಗೇ ಬೆಳ್ಳಗಿರು. ನೋಡುವುದಕ್ಕೆ ಈ ಮರಿ ಇರುವುದಿಲ್ಲ."

ಅಷ್ಟರಲ್ಲಿ ಮರಿ ಹೊಟ್ಟೆ ಮೇಲಾಗಿ ಹೊರಳಿತು. "ನಡಿ ತಮ್ಮಾ, ಬೇಗ," ಎಂದಿತು ಪುಡಿ.

ಬೆಂದು ಬಂದು ಇಬ್ಬರೂ ನೀರಿಗಿಳಿದರು. ಸಂಜೆಗೆ ನೀರು ತಿಳಿಯಾಯಿತು. ಚೇತರಿಸಿಕೊಂಡ ಮರಿ ಪುಡಿಯನ್ನು ಕೇಳಿತು: "ನೀನೇಕೆ ಹಳದಿಯಾಗಿದ್ದೀಯಮ್ಮಾ?"

"ದಿನಾ ಹಿಂದಕ್ಕೆ ಕಳಿಸುತ್ತಿದ್ದ ಬಿಸಿಲನ್ನು ಇವತ್ತು ಇಟ್ಟುಕೊಂಡೆ, ಮಗೂ."